ಅಮ್ಮನ ಮಂಡಿ ಮತ್ತು ನನ್ನ ರಿಟರ್ನ್ಸ್

ನನ್ನ ಮದುವೆಯಾದ ವರ್ಷ ಕಾಲೇಜಿನ ಸ್ಟಾಫ್ ರೂಮಿನಲ್ಲಿ "ಸಂಸಾರ ಸುಖವಾಗಿರಲಿ" ಎಂದು ಹರಸಿದವರಿಗಿಂತ "ಇನ್ನು ನಿಮಗೆ ಟ್ಯಾಕ್ಸ್ ಕಡಿಮೆ ಬಿಡಿ" ಎಂದವರೇ ಹೆಚ್ಚು. ಇಬ್ಬರ ಸಂಬಳ ಒಟ್ಟಿಗೆ ಹಾಕಿ ಅರ್ಧ ಅರ್ಧ ಮಾಡುತ್ತಾರೆ, ಮದುವೆಯಾದವರಿಗೆ ಬೇರೆ ರಿಯಾಯಿತಿ ಇದೆ, ಹೆಂಡತಿ ಹೆಸರಿನಲ್ಲಿ ಏನಿಟ್ಟರೂ ಯಾರೂ ಕೇಳುವುದಿಲ್ಲ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ತೀರ್ಥಹಳ್ಳಿಯ ಅನುದಾನಿತ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಕೆಳದಿಯ ಅರಸರ ಕಾಲದ ಕಂದಾಯದ ಬಗ್ಗೆ ಒಂದು ಗಂಟೆ ಉಸಿರು ಬಿಡದೆ ಮಾತಾಡಬಲ್ಲೆ. ನನ್ನದೇ ಸಂಬಳದಲ್ಲಿ ಹಿಡಿದುಕೊಳ್ಳುವ ತೆರಿಗೆಯ ಬಗ್ಗೆ ತಲೆ ಕೆಡಿಸಿಕೊಂಡವಳೇ ಅಲ್ಲ. ಹಾಗಾಗಿ ಅವರೆಲ್ಲ ಹೇಳಿದ್ದನ್ನು ನಂಬಿದೆ.

ಆ ಜುಲೈಯಲ್ಲಿ ನಾವಿಬ್ಬರೂ ನವದಂಪತಿಗಳು ದೇವಸ್ಥಾನಕ್ಕೆ ಹೋದ ಹಾಗೆ ಹೊಸ ಬಟ್ಟೆ ಹಾಕಿಕೊಂಡು ರಿಟರ್ನ್ಸ್ ಮಾಡಿಕೊಡುವವರ ಆಫೀಸಿಗೆ ಹೋದೆವು. ನನ್ನ ಗಂಡ ಸಹಕಾರ ಸಂಘವೊಂದರಲ್ಲಿ ಮ್ಯಾನೇಜರ್. ಅವರ ಬೀರುವಿನಲ್ಲಿ ಕರೆಂಟ್ ಬಿಲ್ಲು ಕೂಡ ತಿಂಗಳ ಪ್ರಕಾರ ಕೂತಿರುತ್ತದೆ. ರಿಟರ್ನ್ಸಿನವರು ನಮ್ಮ ಕಾಗದಗಳನ್ನು ಎರಡು ರಾಶಿ ಮಾಡಿ, ಎರಡರ ನಡುವೆ ತಮ್ಮ ಕಾಫಿ ಲೋಟ ಇಟ್ಟರು.

"ಒಟ್ಟಿಗೆ ಹಾಕೋದಿಲ್ವಾ?" ಎಂದು ಕೇಳಿದೆ.

"ಬೇರೆ ದೇಶದಲ್ಲಿ ಗಂಡ ಹೆಂಡ್ತಿ ಜೋಡಿಯಾಗಿ ಹಾಕೋದುಂಟು ಮೇಡಂ. ನಮ್ಮಲ್ಲಿಲ್ಲ. ಇಲ್ಲಿ ಅವ್ರದ್ದು ಅವ್ರಿಗೆ, ನಿಮ್ದು ನಿಮ್ಗೆ. ಮದ್ವೆ ಆಗಿದ್ಯಾ ಇಲ್ವಾ ಅಂತ ಕೇಳೋದೇ ಇಲ್ಲ."

ನನಗೆ ನಿಜವಾಗಿ ಸಿಟ್ಟು ಬಂತು. ಇಷ್ಟು ಖರ್ಚು ಮಾಡಿ, ನನ್ನ ತವರೂರು ಸಾಗರದಲ್ಲಿ ಇಡೀ ಊರಿಗೆ ಊಟ ಹಾಕಿ ಆದ ಮದುವೆಯನ್ನು ಒಂದು ಇಲಾಖೆ ವಿಚಾರಿಸುವುದೂ ಇಲ್ಲವೆಂದರೆ ಏನರ್ಥ? ಅಷ್ಟರಲ್ಲಿ ನನ್ನ ಗಂಡ ಮೆತ್ತಗೆ, ನನ್ನ ಹೆಸರಿನಲ್ಲಿ ತಾವು ಇಟ್ಟಿದ್ದ ಒಂದು ಎಫ್‌ಡಿಯ ಕಾಗದ ಮುಂದೆ ತಳ್ಳಿದರು. ಮದುವೆಯ ಉಡುಗೊರೆ ಎಂದು ನನಗೆ ಕೊಟ್ಟದ್ದು ಅದು. ಅದರ ಬಡ್ಡಿ ನನ್ನ ಲೆಕ್ಕಕ್ಕೆ ಹೋಗುತ್ತದೆಂದೂ ತಮಗೆ ತೆರಿಗೆ ಉಳಿಯುತ್ತದೆಂದೂ ಅವರ ಎಣಿಕೆ.

"ದುಡ್ಡು ಯಾರ್ದು ಸಾರ್?"

"ನಂದೇ. ಆದ್ರೆ ಅವ್ಳಿಗೆ ಕೊಟ್ಟಿದ್ದು."

"ಹೆಂಡ್ತಿಗೆ ಕೊಟ್ಟ ದುಡ್ಡಿನ ಬಡ್ಡಿ ನಿಮ್ಮ ತಲೆಗೇ ಬರ್ತದೆ," ಎಂದು ಅವರು ಅದನ್ನು ಗಂಡನ ರಾಶಿಗೆ ಸೇರಿಸಿದರು.

ಮನೆ ತಲುಪುವವರೆಗೂ ನಾನು ಬಿಡಲಿಲ್ಲ. "ನಂಗೆ ಕೊಟ್ಟೆ ಕೊಟ್ಟೆ ಅಂತ ಬೀಗ್ತಿದ್ರಲ್ಲ, ಸರಕಾರ ನಂಬಲಿಲ್ಲ ನೋಡಿ" ಎಂದು ಕಾಡಿಸಿದೆ. ಅವರು ಮುಖ ಸಪ್ಪಗೆ ಮಾಡಿಕೊಂಡು ನಡೆದರು. ಆಮೇಲೆ ಕೆಲವು ವರ್ಷಗಳಲ್ಲಿ ಇಬ್ಬರ ಹೆಸರಿನಲ್ಲೂ ಸೈಟು ತೆಗೆದುಕೊಂಡು, ಇಬ್ಬರೂ ಸೇರಿ ಸಾಲ ಮಾಡಿ ಸಣ್ಣ ಮನೆ ಕಟ್ಟಿಸಿದೆವು. ಕಂತನ್ನು ಇಬ್ಬರೂ ಕಟ್ಟುವುದರಿಂದ ಬಡ್ಡಿಯಲ್ಲಿ ಅವರವರ ಪಾಲನ್ನು ಅವರವರು ತೋರಿಸಬಹುದೆಂದು ರಿಟರ್ನ್ಸಿನವರು ಹೇಳಿದರು. ಹಾಗಾಗಿ ತೆರಿಗೆಯ ಹೊಸ ಪದ್ಧತಿ ಬಂದು ಎಲ್ಲರೂ ಅದಕ್ಕೆ ಹೋದ ಮೇಲೂ ಕೆಲವು ವರ್ಷ ನಾವು, ಕಡಿತಗಳಿಗೆ ಅವಕಾಶವಿದ್ದ ಹಳೆಯದರಲ್ಲೇ ಉಳಿದೆವು. ಮನೆಯ ಉಳಿದ ವ್ಯವಹಾರವೆಲ್ಲ ಮೊದಲಿನಿಂದಲೂ ಗಂಡನ ಫೋನಿನಲ್ಲೇ ನಡೆಯುತ್ತಿತ್ತು. ನನಗೂ ಅದು ಆರಾಮವಾಗಿತ್ತು.

ಇನ್ನು ನನ್ನ ಅಪ್ಪನ ವಿಷಯ. ಅವರು ಸಾಗರ, ಹೊಸನಗರ, ತೀರ್ಥಹಳ್ಳಿ ದಾರಿಯ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಾನು ಚಿಕ್ಕವಳಿದ್ದಾಗ ಅವರದೇ ಬಸ್ಸಿನಲ್ಲಿ ಹೋದರೂ ನನಗೆ ಅರ್ಧ ಟಿಕೆಟ್ ಹರಿದು, ತಮ್ಮ ಜೇಬಿನಿಂದ ದುಡ್ಡು ತೆಗೆದು ಚೀಲಕ್ಕೆ ಹಾಕುತ್ತಿದ್ದರು. ಬಸ್ಸಿನ ಮಾಲೀಕರೇ "ಮಗಳಿಗೆಂತ ಟಿಕೆಟ್ಟು ಮಾರಾಯ" ಎಂದು ನಕ್ಕರೂ ಬಿಟ್ಟವರಲ್ಲ. ಯಾರ ಋಣದಲ್ಲೂ ಇರಬಾರದು ಎಂಬುದು ಅವರ ಹಠ. ಅವರ ಅಪ್ಪ ಗೇಣಿದಾರನಾಗಿ ಇನ್ನೊಬ್ಬರ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದನ್ನು ಕಂಡವರು, ಅದಕ್ಕೇ ಇರಬೇಕು. ನನ್ನ ಮದುವೆಯಾದ ಮೇಲೆ ಆ ಹಠ ಇನ್ನೂ ಬಿಗಿಯಾಯಿತು. ಮಗಳನ್ನು ಕೊಟ್ಟ ಮನೆಯಿಂದ ಒಂದು ಕಡ್ಡಿಯನ್ನೂ ಪಡೆಯಬಾರದೆಂದು ನಮ್ಮ ಕಡೆ ಹಿರಿಯರಲ್ಲಿ ಒಂದು ಕಟ್ಟುನಿಟ್ಟು ಇತ್ತಲ್ಲ, ಅದನ್ನು ಇಡೀ ಕೇರಿಯ ಪರವಾಗಿ ಅಪ್ಪ ಒಬ್ಬರೇ ಪಾಲಿಸುತ್ತಿದ್ದರು. ನಮ್ಮಲ್ಲಿ ಊಟಕ್ಕೆ ಕೂರುವ ಮೊದಲು ಬಾಳೆಹಣ್ಣಿನ ಚಿಪ್ಪೋ ಅವಲಕ್ಕಿ ಚೀಲವೋ ಒಳಗೆ ಹೋಗಿರಬೇಕು. ಹೊರಡುವಾಗ ಒಂದು ನೋಟನ್ನು ಲೋಟದ ಕೆಳಗೆ ಇಟ್ಟೇ ಹೋಗುವರು. ಅವರಿಗೆ ನಾನೊಬ್ಬಳೇ ಮಗಳು, ಗಂಡು ಮಕ್ಕಳಿಲ್ಲ. ಅದು ನಿಯಮವನ್ನು ಸಡಿಲಿಸಬೇಕಿತ್ತು, ಆದರೆ ಆದದ್ದು ಉಲ್ಟಾ.

ಅಮ್ಮ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಮಕ್ಕಳನ್ನು ಎತ್ತಿ ಇಳಿಸಿ, ಕುಕ್ಕುರುಗಾಲಿನಲ್ಲಿ ಕೂತು ಬಡಿಸಿ ಅವಳ ಮಂಡಿಗಳು ಸವೆದುಹೋಗಿದ್ದವು. ಮೊದಲೆಲ್ಲ ತಿಂಗಳಿಗೊಮ್ಮೆಯಾದರೂ ಬಸ್ಸು ಹತ್ತಿ ತೀರ್ಥಹಳ್ಳಿಗೆ ಬಂದು ಡ್ರೈವರ್ ಹಿಂದಿನ ಸೀಟಿನಿಂದ ರಾಣಿಯ ಹಾಗೆ ಇಳಿಯುತ್ತಿದ್ದಳು. ಬರಬರುತ್ತಾ ಬರುವುದು ಕಡಿಮೆಯಾಯಿತು. ಫೋನಿನಲ್ಲಿ "ಬರ್ತೀನಿ, ನೋವು ಕಡ್ಮೆ ಆದ್ಮೇಲೆ ಬರ್ತೀನಿ" ಎನ್ನುವಳು. ಒಂದು ದಿನ ಅವಳನ್ನು ಕರೆದೊಯ್ಯಲು ನಾನೇ ಸಾಗರಕ್ಕೆ ಹೋದೆ. ಬಸ್‌ ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲಿಗೆ ಒಂದು ಕಾಲಿಟ್ಟಳು. ಇನ್ನೊಂದು ಕಾಲು ಮೇಲೇಳಲಿಲ್ಲ. ಕಂಡಕ್ಟರ್ ಮೇಲಿನಿಂದ ಕೈ ಹಿಡಿದ, ನಾನು ಕೆಳಗಿನಿಂದ ಸೊಂಟಕ್ಕೆ ಕೈ ಕೊಟ್ಟೆ. ಅವಳು "ಅಯ್ಯಯ್ಯೋ ಬಿಡಿ" ಎಂದು ನೋವಿನಿಂದ ಚೀರಿ ಕೆಳಗಿಳಿದಳು. ಜೀವಮಾನವಿಡೀ ಅಜ್ಜಿಯರನ್ನು ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿದ ಅಪ್ಪ ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದರು. ಬಸ್ಸು ಹೊರಟುಹೋಯಿತು. ಅಮ್ಮ ನೆರಿಗೆ ಸರಿಮಾಡಿಕೊಂಡು "ಇನ್ನೊಂದಿನ ಬರ್ತೀನಿ ಮಗಾ" ಎಂದಳು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

ಶಿವಮೊಗ್ಗದ ಡಾಕ್ಟರು ಎರಡೂ ಮಂಡಿಗಳನ್ನು ಬದಲಿಸಬೇಕು ಎಂದರು. ಅಪ್ಪ ಕೆಲಸ ಬಿಟ್ಟ ಮೇಲೆ ಯಾವುದೋ ಏಜೆಂಟರ ಮಾತಿಗೆ ಒಪ್ಪಿ ಇಬ್ಬರಿಗೂ ಸೇರಿಸಿ ಒಂದು ಆರೋಗ್ಯ ವಿಮೆ ಮಾಡಿಸಿದ್ದರು, ಪುಣ್ಯಕ್ಕೆ. ಆದರೆ ಅದರಲ್ಲಿ ಇಂಥ ಆಪರೇಷನ್ನಿಗೆ ಕೆಲವು ವರ್ಷ ಕಾಯಬೇಕೆಂಬ ಷರತ್ತಿತ್ತು. ಇನ್ನೆರಡು ಸಲ ತಪ್ಪದೆ ಕಂತು ಕಟ್ಟಿದರೆ ಆ ಕಾಯುವಿಕೆ ಮುಗಿಯುತ್ತಿತ್ತು. ನಡುವೆ ಬಿಟ್ಟರೆ ಮತ್ತೆ ಮೊದಲಿನಿಂದ. ಇವರ ವಯಸ್ಸು ಏರಿದ ಹಾಗೆ ಕಂತೂ ಏರಿ, ಅಪ್ಪನ ಕೈಯಲ್ಲಿದ್ದ ಉಳಿತಾಯ ಸೋರುತ್ತಾ ಬಂದಿತ್ತು. ಆ ವರ್ಷ ಫೆಬ್ರವರಿಯಲ್ಲಿ ಅವರು ಫೋನು ಮಾಡಿ, ಹವಾಮಾನ ಹೇಳುವ ಧಾಟಿಯಲ್ಲಿ, "ಪಾಲಿಸಿ ಬಿಡಾಣ ಅಂತ ಮಾಡಿದೀನಿ. ನಾವೆಂತ ಗಟ್ಟಿಯಾಗೇ ಇದೀವಿ" ಎಂದರು.

ನನಗಿಂತ ಮೊದಲು ಮುಂದಾದವರು ನನ್ನ ಗಂಡ. ಮಗಳ ದುಡ್ಡೆಂದರೆ ಮಾವ ನೊಂದುಕೊಳ್ಳುತ್ತಾರೆ, ಅಳಿಯ ಕಟ್ಟಿದರೆ ಗಂಡಸು ಗಂಡಸಿಗೆ ಮಾಡಿದ ಹಾಗಾಗುತ್ತದೆ ಎಂದು ಲೆಕ್ಕ ಹಾಕಿ, ಕೇಳದೆಯೇ ತಮ್ಮ ಖಾತೆಯಿಂದ ಕಂತು ಕಟ್ಟಿಬಿಟ್ಟರು. ಕಟ್ಟಿದ ಮೆಸೇಜು ಮಾತ್ರ ಅಪ್ಪನ ಮೊಬೈಲಿಗೆ ಹೋಯಿತು. ಮರುದಿನ ಮೊದಲ ಬಸ್ಸಿಗೆ ಅಪ್ಪ ನಮ್ಮ ಬಾಗಿಲಲ್ಲಿದ್ದರು. ಕವರಿನಲ್ಲಿ ಪೂರ್ತಿ ದುಡ್ಡು ಇತ್ತು. ಎಲ್ಲಿಂದ ತಂದರೋ ಹೇಳಲಿಲ್ಲ.

"ಮಾವ, ನಾನು ನಿಮ್ಗೆ ಮಗ ಇದ್ದ ಹಾಗಲ್ವಾ?" ಎಂದರು ಗಂಡ.

"ಹೌದು, ಇದ್ದ ಹಂಗೆ. ನಿಮ್ಮ ಮನಸ್ಸು ದೊಡ್ಡದು, ಇಲ್ಲ ಅನ್ನಲ್ಲ," ಎಂದರು ಅಪ್ಪ. "ಆದ್ರೆ ನಾಳೆ ನಿಮ್ಮ ಕಡೆಯೋರು ಯಾರಾದ್ರೂ ಒಂದ್ ಮಾತಂದ್ರೆ ತಲೆ ತಗ್ಸೋದು ನನ್ನ ಮಗಳು. ಅದು ಬ್ಯಾಡ. ಈ ವರ್ಷದ್ದು ಆತು. ಮುಂದಿನ ವರ್ಷ ಪಾಲಿಸಿ ನಿಲ್ಲಿಸ್ತೀನಿ."

ಕಾಫಿ ಕುಡಿಯದೆ ಹೊರಟರು. ಗಂಡ ಕವರು ಹಿಡಿದು ನಿಂತೇ ಇದ್ದರು. ಒಳ್ಳೆಯದನ್ನೇ ಮಾಡಲು ಹೋಗಿ ಹೀಗೆ ಪೆಟ್ಟು ತಿಂದವರನ್ನು ನೋಡಿ ನನಗೆ ಅಪ್ಪನ ಮೇಲೆ ಉರಿದುಹೋಯಿತು. ಅದಕ್ಕಿಂತ ಹೆಚ್ಚಾಗಿ, ಇನ್ನೊಂದು ಕಂತು ತಪ್ಪಿದರೆ ಅಮ್ಮ ಇನ್ನೆಷ್ಟು ವರ್ಷ ಆ ಮನೆಯ ಹೊಸಿಲೊಳಗೇ ಇರಬೇಕೋ ಎಂಬ ಹೆದರಿಕೆ.

ಜುಲೈ ಬಂತು. ಎಂದಿನಂತೆ ಇಬ್ಬರೂ ರಿಟರ್ನ್ಸಿನವರ ಎದುರು ಕೂತೆವು. ಗಂಡ ತಮ್ಮ ರಾಶಿಗೆ ಆ ವಿಮೆಯ ರಸೀದಿಯನ್ನೂ ಸೇರಿಸಿದ್ದರು. ಮಾವ ದುಡ್ಡು ವಾಪಸು ಕೊಟ್ಟರೂ ಕಟ್ಟಿದ್ದು ತಮ್ಮ ಖಾತೆಯಿಂದಲ್ಲವೇ, ತೋರಿಸಬಹುದೋ ಏನೋ ಎಂಬ ಅನುಮಾನ. ರಿಟರ್ನ್ಸಿನವರು ರಸೀದಿ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು.

"ಹೆಂಗಿದ್ರೂ ಇದು ನಿಮ್ಗೆ ಬರಲ್ಲ ಸಾರ್. ವಿಮೆಯಲ್ಲಿ ನೀವು, ಹೆಂಡ್ತಿ, ಮಕ್ಕಳು, ನಿಮ್ಮ ಅಪ್ಪ ಅಮ್ಮ. ಅಷ್ಟೇ. ಅತ್ತೆ ಮಾವ ಲೆಕ್ಕಕ್ಕಿಲ್ಲ." ಆಮೇಲೆ ನನ್ನ ಕಡೆ ನೋಡಿ, "ಮೇಡಂ ಅವ್ರ ಖಾತೆಯಿಂದ ಕಟ್ಟಿದ್ರೆ ಬರ್ತಿತ್ತು" ಎಂದರು.

"ನನಗಾ? ನನಗೆ ಮದುವೆಯಾಗಿದೆಯಲ್ಲ?"

"ಆದ್ರೆಂತ? ಮದ್ವೆ ಆದ ತಕ್ಷಣ ಅಪ್ಪ ಅಮ್ಮ ಬದಲಾಗ್ತಾರಾ ಮೇಡಂ? ಮಗ ಆದ್ರೂ ಅಷ್ಟೇ, ಮಗಳಾದ್ರೂ ಅಷ್ಟೇ. ಅವ್ರು ನಿಮ್ಮ ಆಶ್ರಯದಲ್ಲೇ ಇರ್ಬೇಕು ಅಂತಾನೂ ಇಲ್ಲ." ಇಷ್ಟು ಹೇಳಿ ಅವರು ಆಕಳಿಸಿದರು. ಅವರಿಗದು ದಿನಕ್ಕೆ ಹತ್ತು ಜನರಿಗೆ ಹೇಳುವ ಮಾತು.

ನನಗೆ ಕಣ್ಣು ತುಂಬಿ ಬಂತು. ಇನ್‌ಕಮ್ ಟ್ಯಾಕ್ಸಿನ ಕಾನೂನು ಕೇಳಿ ಸಂತೋಷಕ್ಕೆ ಅತ್ತವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಮದುವೆಯಾದ ಮೇಲೆ ರೇಷನ್ ಕಾರ್ಡಿನಿಂದ ನನ್ನ ಹೆಸರು ತೆಗೆದರು, ಓಟರ್ ಲಿಸ್ಟಿನಿಂದ ತೆಗೆದರು, ಆಧಾರಿನಲ್ಲಿ ಅಪ್ಪನಿದ್ದ ಜಾಗಕ್ಕೆ ಗಂಡ ಬಂದರು. ಸಾಗರದ ನೆರೆಯವರು ನಾನು ಹೋದಾಗೆಲ್ಲ "ಯಾವಾಗ ಬಂದೆ, ಯಾವಾಗ ಹೋಗ್ತೀ" ಎಂದು ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಜನರಿಂದ ಕಿತ್ತುಕೊಳ್ಳುವುದೊಂದೇ ಗೊತ್ತೆಂದು ನಾನು ಬೈಯುತ್ತಿದ್ದ ಇಲಾಖೆ ಮಾತ್ರ ನನ್ನನ್ನು ಇದ್ದಲ್ಲೇ ಬಿಟ್ಟಿತ್ತು. ಹೊರಗೆ ಬಂದ ಮೇಲೆ ಗಂಡ, "ಮುಂದಿನ ಸಲ ನಿನ್ನ ಖಾತೆಯಿಂದ ಕಟ್ಟು. ಆದರೆ ನನ್ನ ಹಾಗೆ ಮಾಡಬೇಡ, ಹೇಳಿ ಕಟ್ಟು" ಎಂದರು.

ಮುಂದಿನ ಭಾನುವಾರವೇ ಹೊಸನಗರದಲ್ಲಿ ಬಸ್ಸು ಬದಲಿಸಿ ಸಾಗರಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ, ಹೇಳುವಾಗ ಒಂದೂ ಸಾಲಾಗಿ ಬರಲಿಲ್ಲ. ಅಪ್ಪ ಜಗಲಿಯಲ್ಲಿ ಪೇಪರ್ ಹಿಡಿದಿದ್ದರು, ಅಮ್ಮ ಸ್ಟೂಲಿನ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದಳು. ರಿಟರ್ನ್ಸಿನವರು ಹೇಳಿದ್ದನ್ನೆಲ್ಲ ಹೇಳಿದೆ. ಗಂಡ ಹೆಂಡತಿಯ ಲೆಕ್ಕ ಬೇರೆ ಬೇರೆ, ಅಳಿಯ ಕಟ್ಟಿದರೆ ಕಾನೂನಿಗೆ ಅದು ಇಲ್ಲದ ಹಾಗೆ, ಮಗಳು ಕಟ್ಟಿದರೆ ಉಂಟು ಎಂದೆ.

"ಟ್ಯಾಕ್ಸ್ ಉಳೀತದೆ ಅಂತ ಬಂದ್ಯಾ?" ಎಂದರು ಅಪ್ಪ.

"ಉಳಿಯೋದು ಅಲ್ಪಸ್ವಲ್ಪ ಅಪ್ಪ. ಕಟ್ಟಿದ್ದೆಲ್ಲ ವಾಪಸು ಬರಲ್ಲ. ಅದಕ್ಕೆ ಬಂದಿದ್ದಲ್ಲ."

"ಮತ್ತೆ? ಗೌರ್ಮೆಂಟಿನೋರು ಬಂದು ಈ ಕೇರೀಲಿ ಕೂರ್ತಾರಾ? ಮಾತು ಕೇಳೋನು ನಾನು."

ನನಗೆ ತಾಳ್ಮೆ ತಪ್ಪಿತು. "ಪ್ರತಿ ವರ್ಷ ರಿಟರ್ನ್ಸಿನ ಕೊನೇಲಿ ಇಂಥವರ ಮಗಳಾದ ನಾನು ಹೇಳ್ತಿರೋದೆಲ್ಲ ಸತ್ಯ ಅಂತ ಒಪ್ಕಳ್ಬೇಕು. ಅಲ್ಲಿ ಇರೋದು ನಿಮ್ಮ ಹೆಸ್ರು. ಯಾರ ಹೆಂಡ್ತಿ ಅಂತ ಅವ್ರು ಕೇಳೋದೇ ಇಲ್ಲ. ಅಲ್ಲಿ ನಾನು ಮಗಳು, ಈ ಜಗಲೀಲಿ ಮಾತ್ರ ನೆಂಟ್ಳಾ?"

ಅಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿದರು. ಗೆದ್ದೆನೋ ಸೋತೆನೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ, ಅದುವರೆಗೆ ತನ್ನದಲ್ಲದ ವಿಷಯವೆಂಬ ಹಾಗೆ ತಲೆ ತಗ್ಗಿಸಿದ್ದ ಅಮ್ಮ ಕೇಳಿದಳು.

"ಗಂಡ ಹೆಂಡ್ತಿ ಲೆಕ್ಕ ಬ್ಯಾರೆ ಬ್ಯಾರೆ ಅಂದ್ಯಲ್ಲ ಮಗಾ, ನಿಜನಾ ಅದು?"

"ನಿಜ ಅಮ್ಮ."

"ಹಂಗಾರೆ ಪಾಲಿಸಿನೂ ಬ್ಯಾರೆ ಮಾಡ್ಸು. ನಿಮ್ಮಪ್ಪಂಗೆ ಮಗಳ ದುಡ್ಡು ಬ್ಯಾಡ, ಬಿಡು. ನಂಗೆ ಬೇಕು. ನನ್ನ ಪಾಲಿಂದು ನೀನು ಕಟ್ಟು."

ಅಪ್ಪ ತಿರುಗಿ ನೋಡಿದರು. "ನೀನು ಬ್ಯಾರೆ, ನಾನು ಬ್ಯಾರೆ ಏನೇ?"

"ಉಣ್ಣೋದ್ರಲ್ಲಿ ಅಲ್ಲ," ಎಂದಳು ಅಮ್ಮ. ಕೈಯಲ್ಲಿದ್ದ ಬೀನ್ಸು ಮುರಿಯುವುದು ನಿಂತಿರಲಿಲ್ಲ. "ನೋಯೋದ್ರಲ್ಲಿ ಬ್ಯಾರೆ. ನೀವು ಯಾರ ಹತ್ರನೂ ಕೈ ಚಾಚಿಲ್ಲ, ನಂಗೊತ್ತು. ಊರಿಗೂ ಗೊತ್ತು. ಆದ್ರೆ ನಿಮ್ಮ ಮರ್ಯಾದಿ ಹೊತ್ಕಂಡು ನಡಿಯಕ್ಕೆ ನನ್ನ ಮಂಡೀಲಿ ಆಗಲ್ಲ. ನಾನು ಹೆತ್ತ ಕೂಸು ಅದು. ಅದ್ರ ದುಡ್ಡು ನಂಗೆ ಪರರದ್ದಲ್ಲ."

ಅಮ್ಮ ಅಪ್ಪನಿಗೆ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಾನು ಕಾನೂನು ಹೇಳಿ ಅಪ್ಪನನ್ನು ಬಗ್ಗಿಸಲು ಹೋದವಳು. ಅವಳು ಅದೇ ಕಾನೂನಿನಿಂದ ತನಗೆ ಬೇಕಾದ ಒಂದು ತುಂಡನ್ನು ಹೆಕ್ಕಿಕೊಂಡಿದ್ದಳು, ಅದೂ ನನ್ನ ಅಪ್ಪಣೆಗೆ ಕಾಯದೆ. ನನಗೆ ಹೆಮ್ಮೆಯಾಯಿತು. ಅಪ್ಪ ಎದ್ದು ಹಿತ್ತಿಲಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಬಂದು ಪಲ್ಯಕ್ಕೆ ಉಪ್ಪು ಕಡಿಮೆ ಎಂದಷ್ಟೇ ಹೇಳಿದರು.

ನವೀಕರಣದ ಸಮಯಕ್ಕೆ ಮೊದಲು ಏಜೆಂಟರನ್ನು ವಿಚಾರಿಸಿದೆ. ಇಬ್ಬರ ಪಾಲಿಸಿಯನ್ನು ಎರಡು ಮಾಡಬಹುದು, ಇದುವರೆಗೆ ಕಾದ ವರ್ಷಗಳು ಹಾಗೇ ಉಳಿಯುತ್ತವೆ, ಆದರೆ ಮಾಡಿಸಿದವರು ಅಪ್ಪನಾದ್ದರಿಂದ ಅವರ ಸಹಿ ಬೇಕು ಎಂದರು. ಅಪ್ಪ ಸಹಿ ಹಾಕುತ್ತಾರೋ ಇಲ್ಲವೋ ಎಂದು ನಾನು ಸಾಗರದ ಏಜೆಂಟರ ಆಫೀಸಿನಲ್ಲಿ ಉಗುರು ಕಚ್ಚುತ್ತಾ ಕೂತಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ತಮ್ಮ ಪಾಲಿನ ಕಂತನ್ನು ಹೇಗೋ ಹೊಂದಿಸಿ ಅಲ್ಲೇ ಕಟ್ಟಿದರು. ಅಮ್ಮನದನ್ನು ನಾನು ನನ್ನ ಫೋನಿನಿಂದ ಕಟ್ಟಿದೆ, ಮನೆಯ ವ್ಯವಹಾರದಲ್ಲಿ ಹಾಗೆ ನಾನೇ ಕಟ್ಟಿದ್ದು ಅದೇ ಮೊದಲು. ಅಪ್ಪ ಬೇರೆ ಕಡೆ ನೋಡುತ್ತಿದ್ದರು. ಏಜೆಂಟರು "ಮಗಳು ಪಾಪ ಒಳ್ಳೆಯೋರು" ಎಂದಾಗ "ಕಾನೂನು ಹಂಗಿದೆ" ಎಂದರು.

ಕಾಯುವ ಅವಧಿ ಮುಗಿದ ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ಅಮ್ಮನ ಒಂದು ಮಂಡಿಯ ಆಪರೇಷನ್ ಆಯಿತು, ಕೆಲವು ತಿಂಗಳು ಬಿಟ್ಟು ಇನ್ನೊಂದು. ವಿಮೆಯವರು ಸಣ್ಣಪುಟ್ಟ ಖರ್ಚು ಬಿಟ್ಟು ಉಳಿದದ್ದನ್ನೆಲ್ಲ ಕೊಟ್ಟರು. ಎರಡೂ ಸಲ ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಮೇಲೆ ಮಲಗಿದ್ದು ಅಪ್ಪನೇ. ಫಿಸಿಯೋಥೆರಪಿಯ ಹುಡುಗಿ ಕಾಲು ಮಡಿಸಲು ಹೇಳಿದಾಗ ಅಮ್ಮ ಹಲ್ಲು ಕಚ್ಚುವಳು, ಅಪ್ಪ ಕಿಟಕಿಯ ಕಡೆ ತಿರುಗುವರು. ಮನೆಗೆ ಬಂದ ಮೇಲೆ ವಾಕರ್ ಹಿಡಿದು, ಆಮೇಲೆ ಕೋಲು ಹಿಡಿದು, ಆಮೇಲೆ ಅಪ್ಪನ ರಟ್ಟೆ ಹಿಡಿದು ಅವಳು ಕೇರಿಯ ತುದಿಯವರೆಗೆ ನಡೆದಳು. ಒಂದು ಬೆಳಿಗ್ಗೆ ನೆರೆಯವಳಿಗೂ ಹೇಳದೆ ತೀರ್ಥಹಳ್ಳಿಯ ಬಸ್ಸು ಹತ್ತಿ ಬಂದುಬಿಟ್ಟಳು. ದಾರಿಯಲ್ಲಿ ಹುಂಚ ಊರಿನ ಗುರುತಿನವರೊಬ್ಬರು ಸಿಕ್ಕಿ ಬಸ್ಸು ತುಂಬ ಮಾತಾಡಿಕೊಂಡು ಬಂದೆವೆಂದಳು. ಆ ದಿನ ನಮ್ಮ ಮನೆಯಲ್ಲಿ ನಾನು ಮಾಡಿದ ಅಡುಗೆಯನ್ನು ಅವಳು ಎರಡನೇ ಸಲ ಬಡಿಸಿಕೊಂಡು ಉಂಡಳು. ಅಪ್ಪ ಜೊತೆಗೆ ಬಂದಿರಲಿಲ್ಲ.

ಮತ್ತೆ ಫೆಬ್ರವರಿ ಹತ್ತಿರವಾಗಿತ್ತು. ಕ್ಲಾಸಿಗೆ ಹೊರಟಿದ್ದವಳಿಗೆ ಅಪ್ಪನ ಫೋನು ಬಂತು. ಅವರು ಸುಮ್ಮಸುಮ್ಮನೆ ಫೋನು ಮಾಡುವವರಲ್ಲ.

"ಅಮ್ಮ ಹುಷಾರಾ?"

"ಅವ್ಳಿಗೆಂತ, ಪ್ಯಾಟಿಗೆ ಹೋಗಿದಾಳೆ." ಆಮೇಲೆ ದನಿ ತಗ್ಗಿಸಿ ಹೇಳಿದರು, "ನನ್ನ ಪಾಲಿಸಿದು ಮೆಸೇಜ್ ಬಂದದೆ."

ದುಡ್ಡು ಸಾಲುತ್ತಿಲ್ಲ ಎಂದು ಅವರ ಬಾಯಿಂದ ಬರುವುದಿಲ್ಲವೆಂದು ನನಗೆ ಗೊತ್ತು. ನಾನಾಗಿ ಕೇಳಿದರೆ ಫೋನು ಇಟ್ಟುಬಿಡುತ್ತಾರೆಂಬ ಭಯ. ವರಾಂಡದಲ್ಲಿ ಗೋಡೆಗೆ ಒರಗಿ, ಅವರೇ ಹೇಳಲಿ ಎಂದು ಕಾದೆ.

"ಅಮ್ಮಂದು ಕಟ್ಟಿದ ಹಂಗೇ ನಂದೂ ನೀನು ಕಟ್ಟಿದ್ರೆ," ಎಂದರು ಅಪ್ಪ, "ಅವ್ರು ಅದನ್ನ ಮಗಳು ಕಟ್ಟಿದ್ದು ಅಂತ್ಲೇ ಬರ್ಕಳ್ತಾರಾ?"

"ಹೂಂ ಅಪ್ಪ. ಮಗಳು ಅಂತಲೇ."

"ಹಂಗಾರೆ ಕಟ್ಟು ಮಗಾ."